ಕಲ್ಯಾಣಕ್ಕಿಂತ ಹಿರಿಯ ಕತೆ

ಗುಂಡ್ಲುಪೇಟೆ, ಚಾಮರಾಜನಗರದ ಕಡೆ ಮಂಟೇಸ್ವಾಮಿಯ ಒಕ್ಕಲಿನ ಹಾಡುಗಾರರಾದ ನೀಲಗಾರರನ್ನು ಕರೆಸಿ ಇರುಳೆಲ್ಲ ಮಂಟೇಸ್ವಾಮಿ ಕತೆ ಮಾಡಿಸಿದರೆ ಅದು ಮಂಟೇಸ್ವಾಮಿಯ ಹುಟ್ಟೂರಿನಿಂದಲೋ ಹೆತ್ತವರಿಂದಲೋ ಶುರುವಾಗುವುದಿಲ್ಲ. ಭೂಮಿಯೇ ಇಲ್ಲದ ಕಾಲದಿಂದ ಶುರುವಾಗುತ್ತದೆ. ತಂಬೂರಿಯ ಶ್ರುತಿಗೆ ಡಕ್ಕೆ, ಗಗ್ಗರ, ತಾಳ ಸೇರಿದ ಮೇಲೆ ಆದಿಶಕ್ತಿ ಬರುತ್ತಾಳೆ, ಬ್ರಹ್ಮ ವಿಷ್ಣು ಈಶ್ವರರು ಬರುತ್ತಾರೆ, ಲೋಕ ಹುಟ್ಟುತ್ತದೆ. ಆಮೇಲೆ ಕಲ್ಯಾಣ ಪಟ್ಟಣ. ಅದಾದ ಮೇಲೆ ಹಲಗೂರು, ಚಿಕ್ಕಲ್ಲೂರು, ಕಪ್ಪಡಿ, ಬೊಪ್ಪೇಗೌಡನಪುರ. ಇವು ಬಸ್ಸು ಹಿಡಿದು ಹೋಗಬಹುದಾದ ಊರುಗಳು. ಶೂನ್ಯದಿಂದ ಹೊರಟ ಕತೆ ಕೇಳುವವರ ಹೊಲದ ಬದುವಿಗೆ ಬಂದು ನಿಲ್ಲುತ್ತದೆ.

ಬಸವಣ್ಣನ, ಶರಣರ ಕಲ್ಯಾಣದ ಕತೆ ಕನ್ನಡ ನಾಡಿಗೆ ಮೊದಲೇ ಗೊತ್ತಿತ್ತು. ಹರಿಹರ ಬಸವರಾಜದೇವರ ರಗಳೆಯಲ್ಲಿ ಬಸವಣ್ಣನ ಕತೆ ಹೇಳಿದ್ದ, ಭೀಮಕವಿ 1369ರಲ್ಲಿ ಬಸವಪುರಾಣದಲ್ಲಿ ಹೇಳಿದ್ದ. ಹೀಗೆ ಎಲ್ಲರಿಗೂ ಗೊತ್ತಿರುವ ಒಂದು ದೊಡ್ಡ ಕತೆಯ ಬೆನ್ನಿಗೆ ಅದಕ್ಕಿಂತ ಹಳೆಯ ಚರಿತ್ರೆಯೊಂದನ್ನು ಕಟ್ಟುವ ಕೆಲಸವನ್ನು ನೀಲಗಾರರು ಯಾಕೆ ಮಾಡಿದರು? ಇದನ್ನು ಜನಪದ ಕವಿಯ ಕಲ್ಪನಾವಿಲಾಸ ಎಂದು ಕರೆದು ಮುಂದೆ ಹೋಗುವ ಅಭ್ಯಾಸ ನಮ್ಮ ವಿಮರ್ಶೆಗಿದೆ. ಆ ಅಭ್ಯಾಸವನ್ನು ನಾನು ಒಪ್ಪುವುದಿಲ್ಲ. ಮುಂಚಿನ ಕತೆ ಕಟ್ಟುವುದೆಂದರೆ ಹಕ್ಕು ಸ್ಥಾಪಿಸುವುದು. ಯಾರು ಯಾರಿಗಿಂತ ಮೊದಲು ಇದ್ದರು ಎಂಬುದು ತೀರ್ಮಾನವಾದರೆ ಯಾರು ಯಾರನ್ನು ಪ್ರಶ್ನಿಸಬಹುದು ಎಂಬುದೂ ತೀರ್ಮಾನವಾದ ಹಾಗೆಯೇ.

ಇದೇ ಕೆಲಸವನ್ನು ನಮ್ಮ ಕಾಲದಲ್ಲಿ ಬಹಳ ದೊಡ್ಡ ಪ್ರಮಾಣದಲ್ಲಿ ಮಾಡಿದವರು ಅಮೆರಿಕದ ಚಿತ್ರಕಾದಂಬರಿಕಾರರು. 1977ರಲ್ಲಿ ಜಾರ್ಜ್ ಲ್ಯೂಕಾಸ್ ಅವರ ‘ಸ್ಟಾರ್ ವಾರ್ಸ್’ ಬಂದಾಗ ಅದರಲ್ಲಿ ಹಳೆಯ ಗಣರಾಜ್ಯವೊಂದಿತ್ತು, ಅದನ್ನು ಸಾವಿರ ತಲೆಮಾರು ಕಾಯುತ್ತಿದ್ದ ಜೆಡೈ ಎಂಬ ಯೋಧರಿದ್ದರು ಎಂಬ ಮಾತು ಬಂದು ಹೋಗುತ್ತದೆ, ಅಷ್ಟೆ. ಆ ಸಾವಿರ ತಲೆಮಾರುಗಳಲ್ಲಿ ಏನಾಯಿತು ಎಂಬುದನ್ನು ಚಿತ್ರಿಸಲು ಡಾರ್ಕ್ ಹಾರ್ಸ್ ಪ್ರಕಾಶನ 1993ರಲ್ಲಿ ಹೊರಟಿತು. ಟಾಮ್ ವೀಚ್, ಕೆವಿನ್ ಆಂಡರ್ಸನ್ ಬರೆದ ‘ಟೇಲ್ಸ್ ಆಫ್ ದಿ ಜೆಡೈ’ ಮಾಲೆ 1998ರವರೆಗೆ ನಡೆಯಿತು. ಸಿನಿಮಾದ ಕಾಲಕ್ಕಿಂತ ನಾಲ್ಕು ಸಾವಿರ ವರ್ಷ ಹಿಂದೆ, ಆಮೇಲೆ ಐದು ಸಾವಿರ ವರ್ಷ ಹಿಂದೆ ಅದು ಹೋಯಿತು. 2006ರಿಂದ 2010ರವರೆಗೆ ಜಾನ್ ಜಾಕ್ಸನ್ ಮಿಲ್ಲರ್ ಬರೆದ ‘ನೈಟ್ಸ್ ಆಫ್ ದಿ ಓಲ್ಡ್ ರಿಪಬ್ಲಿಕ್’ 50 ಸಂಚಿಕೆ ಬಂತು. 2012ರಲ್ಲಿ ಜಾನ್ ಆಸ್ಟ್ರಾಂಡರ್ ಮತ್ತು ಜಾನ್ ಡರ್ಸೀಮಾ ಸೇರಿ ‘ಡಾನ್ ಆಫ್ ದಿ ಜೆಡೈ’ ಶುರುಮಾಡಿ ಇಪ್ಪತ್ತೈದು ಸಾವಿರ ವರ್ಷಕ್ಕೂ ಹಿಂದಕ್ಕೆ ಹೋದರು.

ಈ ಪರಂಪರೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಐದು ಸಾವಿರ ವರ್ಷದ ಹಿಂದಿನ ಸಂಚಿಕೆಗಳಲ್ಲಿ ಬೆಳಕಿನ ಕತ್ತಿಗಳಿಗೆ ಸೊಂಟಕ್ಕೆ ಕಟ್ಟಿದ ಬ್ಯಾಟರಿಯಿಂದ ವೈರು ಹೋಗುತ್ತದೆ. ಆಯುಧಕ್ಕೂ ಒಂದು ಬಾಲ್ಯವಿತ್ತು ಎಂದು ಆ ಒಂದು ವಿವರ ಹೇಳಿಬಿಡುತ್ತದೆ. ಬರೆದು ವಿವರಿಸಬೇಕಾದ್ದನ್ನು ಚಿತ್ರ ಒಂದೇ ಚೌಕದಲ್ಲಿ ತೋರಿಸಿದ ಒಳ್ಳೆಯ ಉದಾಹರಣೆ ಅದು. ಆದರೆ ಅಂಥ ವಿವರಗಳು ವಿರಳ. ಉಳಿದಂತೆ ನಾಲ್ಕು ಸಾವಿರ ವರ್ಷ ಹಿಂದೆ ಹೋದರೂ ಅದೇ ಬಗೆಯ ನೌಕೆ, ಅದೇ ಗುರು ಶಿಷ್ಯರ ಜಗಳ. ಯೂಲಿಕ್ ಎಂಬ ತರುಣ ಯೋಧ ಕತ್ತಲ ಕಡೆಗೆ ಜಾರುವುದನ್ನು ಓದುವಾಗ ಸಿನಿಮಾದ ಡಾರ್ತ್ ವೇಡರ್ ಕಣ್ಣಿಗೆ ಕಟ್ಟುತ್ತಾನೆ. ಪೂರ್ವಜರು ತಮ್ಮ ಬದುಕು ಬದುಕುತ್ತಿಲ್ಲ, ಮುಂದೆ ಬರಲಿರುವ ನಾಯಕನಿಗಾಗಿ ತಾಲೀಮು ಮಾಡುತ್ತಿದ್ದಾರೆ. ಕಾಲ ಹಿಂದಕ್ಕೆ ಹೋಯಿತು, ಲೋಕ ಮಾತ್ರ ಬದಲಾಗಲಿಲ್ಲ.

ಎರಡು ಕಡೆ ಮಾತ್ರ ಈ ಪರಂಪರೆ ತನ್ನನ್ನು ತಾನೇ ಮೀರಿತು. ಒಂದು, 1998ರ ‘ರಿಡೆಂಪ್ಷನ್’. ಯುದ್ಧ ಮುಗಿದಿದೆ, ಯೂಲಿಕ್‌ನ ಶಕ್ತಿಯನ್ನೆಲ್ಲ ಕಿತ್ತುಕೊಂಡಾಗಿದೆ. ಅವನು ಮಾಡಿದ ಪಾಪದ ಜೊತೆ ಉಳಿದ ದಿನ ಕಳೆಯಬೇಕು. ಗೆಲ್ಲಬೇಕಾದ ಶತ್ರು ಇಲ್ಲದ ಕಾರಣಕ್ಕೇ ಅಲ್ಲಿ ಕ್ರಿಸ್ ಗೊಸೆಟ್ ಅವರ ಗೆರೆಗಳಿಗೆ ಮನುಷ್ಯರ ಮುಖ ನೋಡುವ ಪುರುಸೊತ್ತು ಸಿಕ್ಕಿದೆ. ಇನ್ನೊಂದು, ಮಿಲ್ಲರ್ ಬರೆದ ಮಾಲೆಯ ಮೊದಲ ಭಾಗ. ಜೇನ್ ಕ್ಯಾರಿಕ್ ಎಂಬ ದಡ್ಡ ಶಿಷ್ಯನ ಜೊತೆಗಾರರನ್ನು ಅವರ ಗುರುಗಳೇ ಕೊಂದು, ಕೊಲೆಯನ್ನು ಅವನ ತಲೆಗೆ ಕಟ್ಟುತ್ತಾರೆ. ಭವಿಷ್ಯದಲ್ಲಿ ಒಬ್ಬ ಶಿಷ್ಯ ಕೆಡುತ್ತಾನೆ ಎಂದು ಅವರಿಗೆ ಕಂಡಿರುತ್ತದೆ, ಆ ಭಯಕ್ಕೆ ಎಳೆಯರನ್ನು ಬಲಿ ಕೊಡುತ್ತಾರೆ. ಇಲ್ಲಿ ಪ್ರಾಚೀನ ಕಾಲ ಜೆಡೈಗಳ ಹಿರಿಮೆಯನ್ನು ಹೆಚ್ಚಿಸಲು ಬಂದಿಲ್ಲ, ಅವರ ಮೇಲೆ ಆರೋಪ ಹೊರಿಸಲು ಬಂದಿದೆ. ಎಲ್ಲರೂ ಕೈಮುಗಿಯುವ ಪೀಠವನ್ನು ಕೆಳಗೆ ನಿಂತವನ ಕಣ್ಣಿನಿಂದ ನೋಡಿದಾಗ ಮಾತ್ರ ಹಳೆಯ ಚರಿತ್ರೆಗೆ ಹೊಸ ಅರ್ಥ ಬರುತ್ತದೆ. ಈ ಮಾತನ್ನು ನಮ್ಮ ಸೀಮೆಗೂ ಅನ್ವಯಿಸಿ ನೋಡಬೇಕು.

ಚಾಮರಾಜನಗರ ಸೀಮೆ ಹಳೆಯ ಚರಿತ್ರೆ ಕಟ್ಟುವವರ ಸೀಮೆ. ಗುಂಡ್ಲುಪೇಟೆಯನ್ನೇ ತೆಗೆದುಕೊಳ್ಳಿ. 1673ರಲ್ಲಿ ಮೈಸೂರಿನ ಪಟ್ಟಕ್ಕೆ ಬಂದ ಚಿಕ್ಕದೇವರಾಜ ಒಡೆಯರು ಅದಕ್ಕೆ ಮೊದಲು ಗುಂಡ್ಲುಪೇಟೆ ಪಕ್ಕದ ಹಂಗಳದಲ್ಲಿ ಬಂಧಿತರ ಹಾಗೆ ದಿನ ಕಳೆದವರು. ರಾಜ್ಯ ಸಿಕ್ಕ ಮೇಲೆ ತಂದೆಯ ನೆನಪಿಗೆ ಗುಂಡ್ಲುಪೇಟೆಯಲ್ಲಿ ಪರವಾಸುದೇವ ದೇವಸ್ಥಾನ ಕಟ್ಟಿಸಿದರು. ಅವರ ಮಂತ್ರಿ ತಿರುಮಲಾರ್ಯ ಬರೆದ ‘ಚಿಕದೇವರಾಜ ವಂಶಾವಳಿ’ಯೂ ಅಕ್ಷರದಲ್ಲಿ ಕಟ್ಟಿದ ಅಂಥದೇ ಗುಡಿ. ಮೈಸೂರಿನ ಒಡೆಯರನ್ನು ಯದುಕುಲಕ್ಕೆ, ದ್ವಾರಕೆಗೆ ಒಯ್ದು ಜೋಡಿಸುವ ಕೆಲಸ ಅದರಲ್ಲಿದೆ. ತಿರುಮಲಾರ್ಯನ ಗದ್ಯದ ಬನಿಯನ್ನು ಯಾರೂ ಅಲ್ಲಗಳೆಯಲಾರರು; ಹಳಗನ್ನಡದ ಬಿಗಿ ಸಡಿಲಿ ಹೊಸ ಗದ್ಯವೊಂದು ಓಡಾಡಲು ಕಲಿಯುತ್ತಿರುವುದು ಅದರಲ್ಲಿ ಕೇಳುತ್ತದೆ. ಆದರೆ ಅವನ ಪೂರ್ವಜರೂ ತಾಲೀಮು ಮಾಡುವವರೇ. ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣ ಗೆದ್ದಿದ್ದೂ, ಅದಕ್ಕೆ ಮೊದಲು ನಡೆದದ್ದೂ, ಎಲ್ಲವೂ ಈಗ ಸಿಂಹಾಸನದ ಮೇಲಿರುವ ದೊರೆಯ ಕಡೆಗೇ ಹರಿಯುತ್ತದೆ. ಹಂಗಳದ ಆ ದಿನಗಳಲ್ಲಿ ಚಿಕ್ಕದೇವರಾಜರ ಜೊತೆಗಿದ್ದವನು ಯಳಂದೂರಿನ ಜೈನ ಪಂಡಿತ ವಿಶಾಲಾಕ್ಷ. ರಾಜಕುಮಾರನೊಬ್ಬ ಅಧಿಕಾರವಿಲ್ಲದೆ ಹಳ್ಳಿಯಲ್ಲಿ ಪಂಡಿತನೊಬ್ಬನ ಜೊತೆ ಕಳೆದ ಆ ದಿನಗಳಲ್ಲಿ ಒಂದು ಕಾದಂಬರಿಯೇ ಇದೆ. ಆಸ್ಥಾನದ ಕತೆಗೆ ಅಂಥ ದಿನಗಳು ಬೇಕಾಗುವುದಿಲ್ಲ.

ನೂರೈವತ್ತು ವರ್ಷಗಳ ಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರೂ ಇದನ್ನೇ ಮಾಡಿದರು. ಅವರ ತಂದೆ ಚಾಮರಾಜ ಒಡೆಯರು ಹುಟ್ಟಿದ ಅರಿಕುಠಾರ 1818ರಲ್ಲಿ ಚಾಮರಾಜನಗರವಾಯಿತು, 1826ರಲ್ಲಿ ಅಲ್ಲಿ ಚಾಮರಾಜೇಶ್ವರ ದೇವಸ್ಥಾನ ಎದ್ದಿತು. ಮುಮ್ಮಡಿಯವರು ಚಿತ್ರದ ಶಕ್ತಿಯನ್ನು ಚೆನ್ನಾಗಿ ಬಲ್ಲ ಅರಸು. ಶ್ರೀತತ್ತ್ವನಿಧಿಯಲ್ಲಿ ದೇವತೆಗಳನ್ನೆಲ್ಲ ಬರೆಸಿದರು, ಜಗನ್ಮೋಹನ ಅರಮನೆಯ ಗೋಡೆಯ ಮೇಲೆ ಸಂತಾನಾಂಬುಜವೆಂಬ ವಂಶದ ತಾವರೆಯನ್ನು ಬರೆಸಿದರು. ದಳದಳಗಳಲ್ಲಿ ಅರಸರನ್ನು ಕೂರಿಸಿದ ಆ ಚಿತ್ರವನ್ನು ನಮ್ಮ ನಾಡಿನ ಮೊದಲ ಚಿತ್ರಕಾದಂಬರಿಗಳಲ್ಲಿ ಒಂದೆಂದು ಕರೆಯಬಹುದು ಅನ್ನಿಸುತ್ತದೆ. ಆದರೆ ಅದರಲ್ಲಿ ಎಲ್ಲ ದಳಗಳೂ ಒಂದೇ ನಡುವಿಗೆ ಅಂಟಿವೆ. ಆ ನಡುವನ್ನು ಕೇಳುವ ದಳ ಒಂದೂ ಇಲ್ಲ.

ಇದಕ್ಕಿಂತ ಬಹಳ ಹೆಚ್ಚಿನ ಸಂಗತಿ ಚಾಮರಾಜನಗರ ತಾಲ್ಲೂಕಿನ ಮಲೆಯೂರು ಪಕ್ಕದ ಕನಕಗಿರಿಯಲ್ಲಿ ನಡೆಯಿತು. ಕನಕಗಿರಿ ಹಳೆಯ ಜೈನ ಕ್ಷೇತ್ರ. ಅಲ್ಲಿನ ದೇವಚಂದ್ರ 1804ರಲ್ಲಿ ಕರ್ನಲ್ ಮೆಕೆಂಜಿಯ ಕೈಫಿಯತ್ತು ಸಂಗ್ರಹದವರಿಗೆ ನೆರವಾದವನು. ಬ್ರಿಟಿಷ್ ಅಧಿಕಾರಿಯೊಬ್ಬ ಊರೂರಿನ ಹಳೆಯ ವಿಷಯ ಕೇಳುತ್ತ ಬಂದಾಗ, ಹಾಗೆ ಕೇಳುವುದೂ ಒಂದು ವಿದ್ಯೆ ಎಂದು ಈ ಜೈನ ಪಂಡಿತನಿಗೆ ಹೊಳೆದಿರಬೇಕು. ಮುಂದೆ ಅವನು ಬರೆದ ರಾಜಾವಳಿಕಥೆ ಜೈನರ ಲೋಕದ ವಿವರದಿಂದ, ಕಾಲಚಕ್ರದಿಂದ, ತೀರ್ಥಂಕರರಿಂದ ತೊಡಗಿ ಮೈಸೂರಿನ ಅರಸರವರೆಗೆ ಬರುತ್ತದೆ.

ಆ ಕಾಲಚಕ್ರವೇ ನನ್ನ ಮಟ್ಟಿಗೆ ದೇವಚಂದ್ರನ ದೊಡ್ಡ ಆಸ್ತಿ. ಜೈನರ ಲೆಕ್ಕದಲ್ಲಿ ನಾವಿರುವುದು ಅವಸರ್ಪಿಣಿಯಲ್ಲಿ, ಇಳಿಗಾಲದಲ್ಲಿ. ಹಿಂದಕ್ಕೆ ಹೋದಷ್ಟೂ ಮನುಷ್ಯರ ಮೈ ದೊಡ್ಡದು, ಆಯುಸ್ಸು ಉದ್ದ. ಬರಬರುತ್ತ ಎಲ್ಲವೂ ಕುಗ್ಗುತ್ತದೆ. ಹೀಗಾಗಿ ಅಲ್ಲಿ ಪ್ರಾಚೀನರು ನಮ್ಮ ಹಾಗೆಯೇ ಇದ್ದರು ಎಂದು ಹೇಳಲು ಬರುವುದೇ ಇಲ್ಲ. ಅವರ ಎತ್ತರ ಬೇರೆ, ಹಸಿವು ಬೇರೆ, ಬಾಳಿನ ಅಳತೆಯೇ ಬೇರೆ. ಇಪ್ಪತ್ತೈದು ಸಾವಿರ ವರ್ಷ ಹಿಂದೆ ಹೋಗಿಯೂ ನಮ್ಮ ಕಾಲದ ಯೋಧರನ್ನೇ ಬರೆದ ಅಮೆರಿಕದ ಕಲಾವಿದರಿಗೆ ಈ ಒಂದು ಕಲ್ಪನೆ ಸಿಕ್ಕಿದ್ದರೆ ಅವರ ಪುಟಗಳೇ ಬೇರೆಯಾಗುತ್ತಿದ್ದವು. ಜೊತೆಗೆ ದೇವಚಂದ್ರನಿಗೆ ಕಿವಿ ಇತ್ತು. ಅರಸರ ಪಟ್ಟಿಯ ನಡುನಡುವೆ ಜಾತಿಗಳ ಹುಟ್ಟು, ಮತಗಳ ಜಗಳ, ಊರುಗಳಲ್ಲಿ ಜನ ಹೇಳುತ್ತಿದ್ದ ಕತೆ ಎಲ್ಲಕ್ಕೂ ಅವನು ಜಾಗ ಮಾಡಿಕೊಡುತ್ತಾನೆ. ಚರಿತ್ರೆಕಾರರು ಇವನ ಇಸವಿಗಳನ್ನು ನಂಬುವುದಿಲ್ಲ, ಅದು ಸರಿಯೇ. ಆದರೆ ಇಸವಿ ತಪ್ಪಿತೆಂದು ಇಂಥ ಕಥನಕಾರನನ್ನೇ ಬದಿಗಿಟ್ಟಿದ್ದು ದೊಡ್ಡ ನಷ್ಟ. ಅವನ ಮಿತಿ ಬೇರೆಡೆ ಇದೆ. ಚಕ್ರ ತಾನಾಗಿ ತಿರುಗುತ್ತದೆ, ಕಾಲ ತಾನಾಗಿ ಕೆಡುತ್ತದೆ. ಕೆಡಿಸಿದವರು ಯಾರು ಎಂದು ಒತ್ತಿ ಕೇಳುವ ಅಗತ್ಯ ಅಂಥ ಕಾಲಕ್ಕೆ ಬರುವುದಿಲ್ಲ.

ಆ ಪ್ರಶ್ನೆಯನ್ನು ಒತ್ತಿ ಕೇಳಿದವರು ನೀಲಗಾರರು.

ಅವರ ಸೃಷ್ಟಿಯ ಭಾಗದ ವಿವರ ಹಾಡುವವರಿಂದ ಹಾಡುವವರಿಗೆ ಬದಲಾಗುತ್ತದೆ. ತಿರುಳು ಇಷ್ಟು: ಆದಿಶಕ್ತಿ ಹುಟ್ಟಿ ಪ್ರಾಯಕ್ಕೆ ಬರುತ್ತಾಳೆ, ತ್ರಿಮೂರ್ತಿಗಳು ಅವಳಿಂದಲೇ ಆಗುತ್ತಾರೆ, ಅವರನ್ನೇ ಅವಳು ವರಿಸಬಯಸುತ್ತಾಳೆ. ಒಪ್ಪದವರು ಬೂದಿಯಾಗುತ್ತಾರೆ, ಕಡೆಗೆ ಉಪಾಯದಿಂದ ಅವಳ ಶಕ್ತಿಯನ್ನು ಪಡೆದ ಈಶ್ವರ ಅವಳನ್ನೇ ಸುಡುತ್ತಾನೆ. ಇದು ತೆಂಕಣ ಸೀಮೆಯಲ್ಲೆಲ್ಲ ಓಡಾಡುವ ಕತೆ. ನೀಲಗಾರರು ಅದಕ್ಕೆ ಸೇರಿಸಿದ್ದು ಒಂದೇ ಮಾತು, ಆದರೆ ಎಲ್ಲವನ್ನೂ ಬದಲಿಸುವ ಮಾತು: ಈ ಎಲ್ಲದರ ಹಿಂದೆ ಒಬ್ಬ ಪರಂಜ್ಯೋತಿ ಇದ್ದ, ಧರೆಗೆ ದೊಡ್ಡವನು, ಅವನೇ ಮಂಟೇಸ್ವಾಮಿ. ಹಾಗೆಂದು ಇರುಳಿನ ಮೊದಲ ಜಾವದಲ್ಲೇ ಹೇಳಿ ಮುಗಿಸಿ, ಆಮೇಲೆ ಅದೇ ಮಂಟೇಸ್ವಾಮಿಯನ್ನು ಅವರು ಕಲ್ಯಾಣ ಪಟ್ಟಣಕ್ಕೆ ಕರೆತರುತ್ತಾರೆ. ಮೈಯೆಲ್ಲ ಕೊಳೆತು ಕೀವು ಸೋರುವ, ಹೆಂಡ ಬಾಡು ಹೊತ್ತ ಕುಷ್ಠರೋಗಿಯ ರೂಪದಲ್ಲಿ.

ಕಲ್ಯಾಣದಲ್ಲಿ ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರಿದ್ದಾರೆ. ಈ ಸಂಖ್ಯೆ ನೀಲಗಾರರು ಹುಟ್ಟಿಸಿದ್ದಲ್ಲ, ಶರಣರ ಪರಂಪರೆಯಲ್ಲಿ ಮೊದಲೇ ಇತ್ತು. ಅಲ್ಲಿ ಅದು ಬಸವಣ್ಣನ ದಾಸೋಹದ ಹಿರಿಮೆಗೆ ಅಳತೆ. ಇಲ್ಲಿ ಅದೇ ಸಂಖ್ಯೆ ಆಪಾದನೆಯಾಗುತ್ತದೆ. ಅಷ್ಟು ಜನರಲ್ಲಿ ಬಾಗಿಲಿಗೆ ಬಂದವನನ್ನು ಗುರುತಿಸಿದವರು ಎಷ್ಟು? ಬಾಗಿಲು ಕಾಯುವವರು ತಡೆಯುತ್ತಾರೆ, ಉಂಡು ಕೂತ ಜಂಗಮರು ಮೂಗು ಮುಚ್ಚಿಕೊಳ್ಳುತ್ತಾರೆ, ಧರೆಗೆ ದೊಡ್ಡವನು ತಿಪ್ಪೆಯ ಮೇಲೆ ಬೀಳುತ್ತಾನೆ. ಬಸವಣ್ಣ, ನೀಲಮ್ಮ ಇಬ್ಬರೇ ಬಂದು ಆ ಮೈಯನ್ನು ಎತ್ತುತ್ತಾರೆ. ಕಲ್ಯಾಣವನ್ನು ಕೊಂಡಾಡುವ ಸಾವಿರ ಮಾತು ನಮ್ಮಲ್ಲಿವೆ. ಕಲ್ಯಾಣದ ಒಳಗೆ ಕಲ್ಯಾಣವಿದೆಯೇ ಎಂದು ಇಷ್ಟು ನೇರವಾಗಿ ಪರೀಕ್ಷಿಸಿದ ಇನ್ನೊಂದು ಕೃತಿ ಕನ್ನಡದಲ್ಲಿ ಇಲ್ಲ ಎಂದೇ ನಾನು ಭಾವಿಸುತ್ತೇನೆ.

ಈಗ ಸೃಷ್ಟಿಯ ಕತೆ ಯಾಕೆ ಬೇಕಾಗಿತ್ತು ಎಂಬುದು ಸ್ಪಷ್ಟವಾಗುತ್ತದೆ. ತಿಪ್ಪೆಯ ಮೇಲಿನ ರೋಗಿ ಸುಮ್ಮನೆ ಒಬ್ಬ ಬಡವನಾಗಿದ್ದರೆ ಕಲ್ಯಾಣದವರ ತಪ್ಪು ದಯೆಯಿಲ್ಲದ ತಪ್ಪು ಮಾತ್ರ. ಒಂದು ತುತ್ತು ಅನ್ನ ಹಾಕಿದರೆ ಅದು ತೀರುತ್ತದೆ. ಅವನು ಲೋಕಕ್ಕಿಂತ ಹಿರಿಯನಾಗಿರುವುದರಿಂದ ತಪ್ಪು ಬೇರೆಯದೇ ಆಗುತ್ತದೆ. ಹಿರಿಯನ ಮನೆಗೆ ಬಂದು ಕೂತವರು ಹಿರಿಯನನ್ನೇ ಹೊರಗೆ ನಿಲ್ಲಿಸಿದ್ದಾರೆ. ಈ ಕತೆಯನ್ನು ಹೊತ್ತು ತಂದ ನೀಲಗಾರರಲ್ಲಿ ಬಹುಪಾಲು ದಲಿತರು, ಊರ ಹೊರಗಿನ ಕೇರಿಯವರು. ಅವರಿಗೆ ಕಲ್ಯಾಣದ ಒಳಗೆ ಒಂದು ಮೂಲೆ ಕೇಳುವುದು ಬೇಕಾಗಿರಲಿಲ್ಲ. ಕಲ್ಯಾಣವನ್ನು ತೂಗುವ ತಕ್ಕಡಿಯೇ ತಮ್ಮ ಕೈಯಲ್ಲಿದೆ ಎಂದು ಹೇಳಬೇಕಾಗಿತ್ತು. ತಿರುಮಲಾರ್ಯ ದೊರೆಯನ್ನು ಎತ್ತರಿಸಲು ದ್ವಾರಕೆಗೆ ಹೋದ. ಇವರು ದೊರೆಗಳನ್ನೂ ಗುರುಗಳನ್ನೂ ವಿಚಾರಣೆಗೆ ನಿಲ್ಲಿಸಲು ದ್ವಾರಕೆಗಿಂತ ಹಿಂದಕ್ಕೆ ಹೋದರು.

ಇದೇ ಸೀಮೆಯ ಇನ್ನೊಂದು ಕತೆ, ಮಲೆಯ ಮಾದೇಶ್ವರನ ಕತೆಯಲ್ಲೂ ಇದೇ ಕೈಚಳಕವಿದೆ. ಕಂಸಾಳೆಯ ದೇವರಗುಡ್ಡರು ಹಾಡುವ ಶ್ರವಣದೊರೆಯ ಸಾಲಿನಲ್ಲಿ, ಅಂದರೆ ಕತೆಯ ಆ ಭಾಗದಲ್ಲಿ, ಬಂಕಾಪುರಿಯ ದೊರೆ ದೇವತೆಗಳನ್ನೆಲ್ಲ ಸೆರೆಹಿಡಿದು ಮನೆಗೆಲಸಕ್ಕೆ ಹಚ್ಚಿದ್ದಾನೆ. ಅವನನ್ನು ಮುಗಿಸಲು ಮಾದೇಶ್ವರನಿಗೆ ಬೇಕಾಗುವುದು ಮಾದಿಗ ಹರಳಯ್ಯ ಮಾಡಿದ ಅರಗಿನ ಎಕ್ಕಡ. ಹರಳಯ್ಯ ಕಲ್ಯಾಣದ ಶರಣ, ಮಗನ ಮದುವೆಯ ಕಾರಣಕ್ಕೆ ಶಿಕ್ಷೆಗೆ ಗುರಿಯಾದವನು. ಕಲ್ಯಾಣದಲ್ಲಿ ಅವನನ್ನು ಕೊಂದರು. ಈ ಮಲೆಯ ಕತೆಯಲ್ಲಿ ಅವನ ಕಸುಬಿಲ್ಲದೆ ದೇವತೆಗಳಿಗೆ ಬಿಡುಗಡೆಯೇ ಇಲ್ಲ. ಒಂದು ಕತೆಯ ಸತ್ತವನು ಇನ್ನೊಂದರಲ್ಲಿ ಕೈಗೆ ಉಳಿ ಹಿಡಿದು ಬರುವ ಈ ಬಗೆಯ ಓಡಾಟವನ್ನು ಇಂದಿನ ಚಿತ್ರಕಾದಂಬರಿಗಳ ಅಭಿಮಾನಿಗಳು ಬಹಳ ಮೆಚ್ಚುತ್ತಾರೆ. ಇಲ್ಲಿ ಅದು ಅಭಿಮಾನಿಗಳ ಖುಷಿಗಾಗಿ ಬಂದದ್ದಲ್ಲ, ತೀರದ ಒಂದು ಲೆಕ್ಕ ಚುಕ್ತಾ ಮಾಡಲು ಬಂದದ್ದು. ಕಾಡಿನವರಿಗೂ ಈ ಕತೆಯಲ್ಲಿ ಮೂಲದ ಪಾಲಿದೆ: ಸೋಲಿಗರ ಸಂಕಮ್ಮನಿಗೆ ಮಾದೇಶ್ವರನ ವರದಿಂದ ಹುಟ್ಟಿದ ಕಾರಯ್ಯ, ಬಿಲ್ಲಯ್ಯ ಅವರ ಹೆಸರಿಲ್ಲದೆ ಎಪ್ಪತ್ತೇಳು ಮಲೆಯ ಕತೆ ಮುಗಿಯುವುದಿಲ್ಲ. ಪಕ್ಕದ ಬಿಳಿಗಿರಿಯಲ್ಲಿ ಸೋಲಿಗರ ಹುಡುಗಿ ಕುಸುಮಾಲೆಯನ್ನು ಕಟ್ಟಿಕೊಂಡ ರಂಗ ಅವರಿಗೆ ಭಾವ. ದೇವರನ್ನು ಭಾವ ಎನ್ನುವವರಿಗೆ ಬೇರೆಯವರ ವಂಶಾವಳಿಯ ಹಂಗು ಯಾಕೆ?

ಇಷ್ಟೆಲ್ಲ ಮೆಚ್ಚಿದ ಮೇಲೂ ಈ ಪರಂಪರೆಯಲ್ಲಿ ನನ್ನನ್ನು ಕಾಡುವ ಸಂಗತಿಗಳಿವೆ. ಮೊದಲನೆಯದು ಆದಿಶಕ್ತಿಯ ಬೂದಿ. ಲೋಕವನ್ನು ಹೆತ್ತವಳ ಬಯಕೆಯನ್ನು ಅಪರಾಧವೆಂದು ಬಗೆದು, ಉಪಾಯದಿಂದ ಅವಳ ಶಕ್ತಿ ಕಿತ್ತು ಸುಟ್ಟ ಮೇಲೆ ಈ ಲೋಕ ನಡೆಯತೊಡಗುತ್ತದೆ. ಕಲ್ಯಾಣದ ಜಂಗಮರನ್ನು ಬಿಡದೆ ಕೇಳಿದ ಕತೆ ಈ ಸುಡುವಿಕೆಯನ್ನು ಕೇಳದೆ ಮುಂದೆ ಹೋಗುತ್ತದೆ. ಎರಡನೆಯದು ನಿಡುಘಟ್ಟದ ಸಾಲು. ಪಾಂಚಾಳರ ಮನೆಯ ಕಿರಿಯ ಮಗ ಕೆಂಪಾಚಾರಿಯನ್ನು ಶಿಶುಮಗನಾಗಿ ಕೊಡಿ ಎಂದು ಮಂಟೇಸ್ವಾಮಿ ಕೇಳುತ್ತಾನೆ, ಹೆತ್ತವರು ಒಪ್ಪುವುದಿಲ್ಲ, ಆಮೇಲೆ ಆ ಮನೆ ಪಡುವ ಪಾಡು ಕೇಳಲಾಗದು. ಕೆಂಪಾಚಾರಿ ಸಿದ್ಧಪ್ಪಾಜಿಯಾಗಿ, ಹಲಗೂರಿನ ಪಾಂಚಾಳರಲ್ಲಿ ಕಬ್ಬಿಣದ ಭಿಕ್ಷೆ ಬೇಡಿ, ಅವರು ಒಡ್ಡಿದ ಹಿಂಸೆಯನ್ನೆಲ್ಲ ಗೆದ್ದು ಚಿಕ್ಕಲ್ಲೂರಿನಲ್ಲಿ ನೆಲೆಸುತ್ತಾನೆ. ಗುರುವಿನ ಮಹಿಮೆ ಇದು ಎಂದು ಕತೆ ಹೇಳುತ್ತದೆ. ತಾಯಿ ಮುದ್ದಮ್ಮನ ಅಳು ಅದನ್ನು ಪೂರ್ತಿ ಒಪ್ಪಿಕೊಳ್ಳುವುದಿಲ್ಲ. ಹಾಡುವವನು ಆ ಅಳುವಿನ ಬಳಿ ಹೆಚ್ಚು ಹೊತ್ತು ನಿಂತಷ್ಟೂ ಮಹಿಮೆಯ ಬಣ್ಣ ಮಾಸುತ್ತದೆ. ಒಳ್ಳೆಯ ನೀಲಗಾರರು ಅಲ್ಲಿ ಬೇಗ ಮುಂದೆ ಹೋಗುವುದಿಲ್ಲ ಎಂಬುದು ಈ ಪರಂಪರೆಯ ಪ್ರಾಮಾಣಿಕತೆಗೆ ಸಾಕ್ಷಿ. ಮಠಗಳ ಇಂದಿನ ಸ್ಥಿತಿಯೂ ನೆನಪಿರಬೇಕು. ಬೊಪ್ಪೇಗೌಡನಪುರದ ಪೀಠ ಅರಸು ಮನೆತನದ್ದು, ತಂಬೂರಿ ಬಹುಪಾಲು ಕೇರಿಯವರದ್ದು. ಒಳಗೆ ಯಾರು, ಹೊರಗೆ ಯಾರು ಎಂಬ ಕಲ್ಯಾಣದ ಪ್ರಶ್ನೆ ಮಂಟೇಸ್ವಾಮಿಯ ಒಕ್ಕಲಿನ ನಡುವೆಯೂ ಬದುಕಿದೆ.

ಒಡೆತನದ ಮಾತಿಗೆ ಬಂದರೆ ಎರಡು ಪರಂಪರೆಗಳ ಅಂತರ ಪೂರ್ತಿ ಕಾಣುತ್ತದೆ. 2012ರಲ್ಲಿ ಡಿಸ್ನಿ ಸಂಸ್ಥೆ ಲ್ಯೂಕಾಸ್‌ಫಿಲ್ಮ್ ಅನ್ನು ಕೊಂಡುಕೊಂಡಿತು. 2014ರ ಏಪ್ರಿಲ್‌ನಲ್ಲಿ ಒಂದು ಪ್ರಕಟಣೆ ಬಂತು: ಅಲ್ಲಿಯವರೆಗಿನ ಕಾಮಿಕ್ಸು, ಕಾದಂಬರಿಗಳೆಲ್ಲ ಇನ್ನು ದಂತಕತೆ, ಅಧಿಕೃತ ಚರಿತ್ರೆಯಲ್ಲ. ಯೂಲಿಕ್‌ನ ಪಶ್ಚಾತ್ತಾಪ, ಜೇನ್ ಕ್ಯಾರಿಕ್‌ನ ಮೇಲಿನ ಅನ್ಯಾಯ, ಸಾವಿರಾರು ವರ್ಷಗಳ ಲೋಕ, ಎಲ್ಲವೂ ಒಂದೇ ದಿನದಲ್ಲಿ ನಡೆದೇ ಇಲ್ಲದಂತಾಯಿತು. ಇಪ್ಪತ್ತು ವರ್ಷ ದುಡಿದ ಕಲಾವಿದರ, ಓದಿ ಬೆಳೆದವರ ಮಾತಿಗೆ ಬೆಲೆ ಬರಲಿಲ್ಲ. ನೀಲಗಾರರ ಕಲ್ಯಾಣದ ಸಾಲನ್ನು ಹಾಗೆ ಅಳಿಸಬಲ್ಲ ಕಚೇರಿ ಯಾವುದೂ ಇಲ್ಲ. ಅದು ಇಂದಿಗೂ ಇಡಿಯಾಗಿ ಯಾರೊಬ್ಬರ ಬಳಿಯೂ ಇಲ್ಲ. ಒಬ್ಬರ ಇರುಳಿನಲ್ಲಿ ನಾಲ್ಕು ಸಾಲು, ಇನ್ನೊಬ್ಬರ ಇರುಳಿನಲ್ಲಿ ಆರು. ಪಿ. ಕೆ. ರಾಜಶೇಖರ 1973ರಲ್ಲಿ ಮಲೆಯ ಮಾದೇಶ್ವರನನ್ನು ಅಚ್ಚಿಗೆ ತಂದರು. ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ, ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಾಠ 2001ರಲ್ಲಿ ಸಿ. ಎನ್. ರಾಮಚಂದ್ರನ್ ಮತ್ತು ಎಲ್. ಎನ್. ಭಟ್ ಅವರಿಂದ ಇಂಗ್ಲಿಷಿಗೂ ಹೋಯಿತು. ಹಿ. ಚಿ. ಬೋರಲಿಂಗಯ್ಯ ಮಂಟೇಸ್ವಾಮಿಯನ್ನು ಹಂಪಿ ವಿಶ್ವವಿದ್ಯಾಲಯದಿಂದ ತಂದರು. ಇವು ನಮ್ಮ ಮೇಲಿನ ದೊಡ್ಡ ಋಣ. ಆದರೆ ಅಚ್ಚಾದ ಪಾಠವನ್ನೇ ಕತೆಯ ಕೊನೆಯ ಮಾತು ಎಂದು ತರಗತಿಗಳಲ್ಲಿ ಓದಿಸುವಾಗ ನಾವೂ ಒಂದು ಬಗೆಯ ಅಧಿಕೃತ ಚರಿತ್ರೆಯನ್ನು ಹೊರಡಿಸುತ್ತಿದ್ದೇವೆ ಎಂಬ ಎಚ್ಚರ ಇರಬೇಕು.

ಹೊಸಗನ್ನಡ ಈ ಮುಂಚಿನ ಕತೆಯನ್ನು ಬೇರೆ ಬೇರೆ ಕಡೆಯಿಂದ ಹಿಡಿದಿದೆ. ಎಚ್. ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ ಅದನ್ನು ರಂಗಕ್ಕೆ ತಂದಿತು. ದೇವನೂರ ಮಹಾದೇವರ ‘ಕುಸುಮಬಾಲೆ’ಯಲ್ಲಿ ಈ ಸೀಮೆಯ ಹಾಡುಗಾರರ ಉಸಿರೇ ಗದ್ಯವಾಗಿದೆ. 2018ರ ಹೊತ್ತಿಗೆ ಝೀ ಕನ್ನಡದಲ್ಲಿ ಮಾದೇಶ್ವರನ ಕತೆ ಧಾರಾವಾಹಿಯಾಗಿ ಮನೆಮನೆ ಸೇರಿತು. ಜನ ಅದನ್ನು ಭಕ್ತಿಯಿಂದ ನೋಡಿದರು, ಅವರ ಭಕ್ತಿ ದೊಡ್ಡದು. ಆದರೆ ಕಿರೀಟ, ಹೊಳೆಯುವ ಅರಮನೆ, ಕಂಪ್ಯೂಟರಿನ ಕೈಲಾಸ ಬಂದಷ್ಟೂ ಆ ಕತೆಯ ಕಾಡು ಮಸುಕಾಗುತ್ತದೆ. ಕಾಡಿನ ಜಾಗಕ್ಕೆ ಪುರಾಣದ ಸೆಟ್ಟು ಬಂದರೆ ಸಂಕಮ್ಮ ಯಾರ ಮಗಳು ಎಂಬುದೇ ಮರೆಯುತ್ತದೆ.

ಈ ಕತೆಗಳ ಚಿತ್ರಕಾದಂಬರಿಯನ್ನು ಮಾತ್ರ ನಾನು ಇನ್ನೂ ಕಂಡಿಲ್ಲ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರಲ್ಲಿ ಶುರುಮಾಡಿದ ಅಮರ ಚಿತ್ರ ಕಥೆ ನಮ್ಮ ಎರಡು ತಲೆಮಾರಿಗೆ ಹಳೆಯ ಕಾಲ ಹೇಗಿತ್ತು ಎಂದು ಕಲಿಸಿತು: ದೇವತೆಗಳು ಬೆಳ್ಳಗೆ, ಅಸುರರು ಕಪ್ಪಗೆ, ಪುಟದ ಚೌಕಗಳು ನೀಟಾಗಿ. ಆ ವ್ಯಾಕರಣದಲ್ಲಿ ಕೀವು ಸೋರುವ ಮೈಯ ಧರೆಗೆ ದೊಡ್ಡವನಿಗೆ ಜಾಗವಿಲ್ಲ. ಆ ಪುಟಗಳಲ್ಲಿ ಅವನು ಕಾಣಬೇಕಾದರೆ ಮೊದಲು ಮೈ ತೊಳೆದುಕೊಂಡು ಬರಬೇಕು. ಬೇರೆ ದಾರಿ ಇದೆ ಎಂದು 2011ರ ‘ಭೀಮಾಯಣ’ ತೋರಿಸಿತು. ಅಂಬೇಡ್ಕರರ ಬದುಕನ್ನು ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್, ಸುಭಾಷ್ ವ್ಯಾಮ್ ಅದರಲ್ಲಿ ಬರೆದಿದ್ದಾರೆ. ಜನರನ್ನು ಡಬ್ಬಿಯಲ್ಲಿ ಕೂಡಿಹಾಕಬಾರದು ಎಂದು ಅವರು ಚೌಕಗಳನ್ನೇ ಬಿಟ್ಟುಕೊಟ್ಟರು. ಮೆಲುಮಾತಿಗೆ ಹಕ್ಕಿಯ ಆಕಾರ, ಕುಟುಕುವ ಮಾತಿಗೆ ಚೇಳಿನ ಬಾಲ ಕೊಟ್ಟರು.

ನಮ್ಮವರು ಈ ಕೆಲಸಕ್ಕೆ ಕೈ ಹಾಕುವುದಾದರೆ ಒಂದೆರಡು ವಿಷಯ ಮೊದಲೇ ತೀರ್ಮಾನವಾಗಬೇಕು. ಪುಸ್ತಕ ಸಾಲುಸಾಲಾಗಿ ಬರಲಿ, ಒಂದೊಂದು ಸಾಲನ್ನು ಒಬ್ಬೊಬ್ಬ ಹಾಡುಗಾರರ ಪಾಠದಿಂದ ತೆಗೆದುಕೊಳ್ಳಲಿ, ಪಾಠಗಳು ಒಂದಕ್ಕೊಂದು ಹೊಂದದಿದ್ದರೆ ಹೊಂದಿಸುವುದು ಬೇಡ. ಹಾಡುಗಾರರ ಹೆಸರು ಮುಖಪುಟದಲ್ಲಿ, ಚಿತ್ರಗಾರರ ಹೆಸರಿನ ಜೊತೆ ಒಂದೇ ಅಳತೆಯ ಅಕ್ಷರದಲ್ಲಿ ಬರಲಿ, ಸಂಭಾವನೆಯಲ್ಲೂ ಪಾಲಿರಲಿ. ಸೃಷ್ಟಿಯ ಭಾಗವನ್ನು ತೆಗೆದು ನೇರ ಕಲ್ಯಾಣದಿಂದ ಶುರುಮಾಡೋಣ, ಇಂದಿನ ಓದುಗರಿಗೆ ಅದು ಸುಲಭ ಎಂದು ಪ್ರಕಾಶಕರು ಹೇಳಿಯೇ ಹೇಳುತ್ತಾರೆ. ಒಪ್ಪಬಾರದು. ಆ ಪುಟಗಳು ಹೋದರೆ ಕಲ್ಯಾಣದ ಬಾಗಿಲಲ್ಲಿ ಬಿದ್ದವನು ಬರೀ ಬಡವನಾಗುತ್ತಾನೆ, ಓದುಗರು ಅಯ್ಯೋ ಪಾಪ ಎಂದು ಪುಟ ತಿರುಗಿಸುತ್ತಾರೆ. ಕಲ್ಯಾಣದ ದೃಶ್ಯವನ್ನು ಕೋಟೆಯ ಮೇಲಿನಿಂದಲೋ ಮಹಾಮನೆಯ ಒಳಗಿನಿಂದಲೋ ಬರೆಯುವುದೂ ಬೇಡ. ತಿಪ್ಪೆಯ ಮಟ್ಟದಲ್ಲಿ ಕಣ್ಣಿಟ್ಟು ಬರೆಯಬೇಕು. ಅಲ್ಲಿಂದ ಒಂದು ಲಕ್ಷದ ತೊಂಬತ್ತಾರು ಸಾವಿರ ಜಂಗಮರ ಕಾಲುಗಳಷ್ಟೇ ಕಾಣುತ್ತವೆ, ಮುಖ ಕಾಣುವುದು ಬಗ್ಗಿದವರದ್ದು ಮಾತ್ರ.